ಪ್ರೆಷರ್ ಇಳಿದ ಮೇಲೂ

ಬಿಳಿಯ ದೊಡ್ಡ ಬೋಗುಣಿಯಂಥ ಯಂತ್ರದೊಳಗೆ ಮುಖ ಇಟ್ಟು ಕೂರಬೇಕು. ಒಂದು ಕಣ್ಣಿಗೆ ಪಟ್ಟಿ. ಗದ್ದ ಆನಿಸಿ, ನಡುವಿನ ಚುಕ್ಕೆಯಿಂದ ನೋಟ ಕದಲಿಸದೆ, ಅಲ್ಲೊಂದು ಇಲ್ಲೊಂದು ಬೆಳಕಿನ ಕಿಡಿ ಮಿನುಗಿದಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ನನ್ನ ಸೋದರತ್ತೆ ಏಳು ವರ್ಷಗಳಿಂದ ಆರು ತಿಂಗಳಿಗೊಮ್ಮೆ ಈ ಪರೀಕ್ಷೆಗೆ ಕೂರುತ್ತಾರೆ. ಹೊರಗೆ ಕಾಯುವ ನನಗೆ ಗುಂಡಿಯ ಟಿಕ್ ಟಿಕ್ ಕೇಳುತ್ತಿರುತ್ತದೆ. ನಡುನಡುವೆ ಸದ್ದು ನಿಂತಾಗ ಎದೆ ಧಸಕ್ಕೆನ್ನುತ್ತದೆ. ಕಿಡಿ ಮಿನುಗಿ ಅವರಿಗೆ ಕಾಣದೇ ಹೋಯಿತೇನೋ ಎಂಬ ದಿಗಿಲು.

ಕಳೆದ ಸಲ ವೈದ್ಯರು, "ಪ್ರೆಷರ್ 13 ಇದೆ ಅಮ್ಮಾ, ತುಂಬ ಚೆನ್ನಾಗಿದೆ. ಆದರೆ ಫೀಲ್ಡ್ ಇನ್ನೂ ಸ್ವಲ್ಪ ಕುಗ್ಗಿದೆ" ಎಂದರು. ಪರೀಕ್ಷೆಯ ಕಾಗದದಲ್ಲಿ, ಕಾಣದ ಜಾಗವನ್ನು ತೋರಿಸುವ ಮೂಗಿನ ಬದಿಯ ಕಪ್ಪು ಕಲೆ ಹಿಂದಿಗಿಂತ ಅಗಲವಾಗಿತ್ತು. ಆಟೊದಲ್ಲಿ ಅತ್ತೆ ಕೇಳಿದರು: "ಪ್ರೆಷರ್ ಇಳಿದಿದೆ ಅಂತಾರೆ, ಕಣ್ಣು ಹೋಗ್ತಿದೆ ಅಂತಲೂ ಅಂತಾರೆ. ಎರಡರಲ್ಲಿ ಯಾವುದು ನಿಜ ಹೇಳು?"

ಎರಡೂ ನಿಜ. ಕಣ್ಣಿನೊಳಗಿನ ಒತ್ತಡದ ಜೊತೆ ಹೆಣೆದುಕೊಂಡು ದೃಷ್ಟಿನರವನ್ನು ಸವೆಸುವ ಗ್ಲಾಕೊಮಾ ರೋಗದ ಈ ಒಗಟಿಗೆ ನೂರೈವತ್ತು ವರ್ಷಕ್ಕೂ ಮೀರಿದ ಪ್ರಾಯ. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ತಾವು ರೂಪಿಸಿದ ಆಫ್ತಾಲ್ಮೊಸ್ಕೋಪನ್ನು ಲೋಕದ ಮುಂದಿಟ್ಟ ಮೇಲೆ ಬದುಕಿರುವವರ ಕಣ್ಣಿನ ಹಿಂಗೋಡೆಯನ್ನು ನೋಡುವುದು ಸಾಧ್ಯವಾಯಿತು. ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫೆ ರೆಪ್ಪೆಯ ಮೇಲೆ ಬೆರಳಿಟ್ಟು ಗುಡ್ಡೆ ಎಷ್ಟು ಗಟ್ಟಿ ಎಂದು ಅಂದಾಜು ಮಾಡುತ್ತಿದ್ದರು. ಗಟ್ಟಿಯಾದ ಕಣ್ಣಿನಲ್ಲಿ ಐರಿಸ್‌ನ ಒಂದು ಚೂರು ಕತ್ತರಿಸಿ ತೆಗೆದರೆ ಒತ್ತಡ ಇಳಿದು ನೋಟ ಉಳಿಯುತ್ತದೆಂದು 1857ರಲ್ಲಿ ತೋರಿಸಿಕೊಟ್ಟರು. ಅದುವರೆಗೆ ಕೈಚೆಲ್ಲುತ್ತಿದ್ದ ವೈದ್ಯರಿಗೆ ಮೊದಲ ಸಲ ಮಾಡಲು ಒಂದು ಕೆಲಸ ಸಿಕ್ಕಿತು. ಆದರೆ ಗ್ರೇಫೆಗೆ ಬೇರೆಯೇ ಬಗೆಯ ಕಣ್ಣುಗಳೂ ಎದುರಾದವು. ಬೆರಳಿಗೆ ಮೆತ್ತಗೇ ಇವೆ, ಒಳಗೆ ನೋಡಿದರೆ ದೃಷ್ಟಿನರದ ತಲೆ ಬಟ್ಟಲಿನಂತೆ ಕುಳಿಬಿದ್ದಿದೆ. ಅವನ್ನು ಗ್ಲಾಕೊಮಾ ಎಂದು ಕರೆಯಲು ಅವರಿಗೆ ಮನಸ್ಸಾಗಲಿಲ್ಲ.

ಅಲ್ಲಿಂದ ಮುಂದಿನ ಚರಿತ್ರೆಯೆಲ್ಲ ಒತ್ತಡ ಇಳಿಸಿದ ಚರಿತ್ರೆ. 1870ರ ದಶಕದಲ್ಲಿ ಪೈಲೊಕಾರ್ಪಿನ್, 1978ರಲ್ಲಿ ಟಿಮೊಲಾಲ್, 1996ರಲ್ಲಿ ಲಟಾನೊಪ್ರಾಸ್ಟ್. ಈ ಡ್ರಾಪ್ಸ್‌ಗಳ ಬಗ್ಗೆ ನನಗೆ ಹಗುರ ಭಾವನೆ ಇಲ್ಲ, ಅತ್ತೆ ಇವತ್ತಿಗೂ ಪೇಪರ್ ಓದುತ್ತಿರುವುದು ಅವುಗಳಿಂದಲೇ. ಒತ್ತಡ ಸಾಮಾನ್ಯ ಮಟ್ಟದಲ್ಲಿದ್ದೂ ರೋಗ ಬಂದವರ ಮೇಲೆ ಅಮೆರಿಕದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಚಿಕಿತ್ಸೆ ಕೊಡದೆ ಗಮನಿಸಿದ 79 ಕಣ್ಣುಗಳಲ್ಲಿ 28 ಹದಗೆಟ್ಟವು. ಒತ್ತಡವನ್ನು ಇನ್ನೂ ಶೇ 30ರಷ್ಟು ಇಳಿಸಿದ 61 ಕಣ್ಣುಗಳಲ್ಲಿ ಹದಗೆಟ್ಟಿದ್ದು 7 ಮಾತ್ರ. ಚಿಕಿತ್ಸೆಯ ಬಲ ಎಷ್ಟೆಂದು ಇದರಲ್ಲೇ ತಿಳಿಯುತ್ತದೆ. ನನ್ನ ಮನಸ್ಸು ಮಾತ್ರ ಆ ಏಳು ಕಣ್ಣುಗಳ ಬಳಿಯೇ ನಿಲ್ಲುತ್ತದೆ. ಅತ್ತೆಯ ಕಣ್ಣು ಆ ಸಾಲಿನದು.

ಅಲ್ಲಿ ಸಾಯುತ್ತಿರುವುದು ಯಾವುದು? ರೆಟಿನಾದ ಒಳಪದರದಲ್ಲಿ ಗ್ಯಾಂಗ್ಲಿಯಾನ್ ಕೋಶಗಳಿವೆ, ಒಂದು ಕಣ್ಣಿಗೆ ಹತ್ತು ಲಕ್ಷಕ್ಕೂ ಮಿಗಿಲು. ಪ್ರತಿ ಕೋಶದಿಂದಲೂ ಹೊರಟ ಎಳೆ ಕಣ್ಣಿನ ಹಿಂಭಾಗದ ಒಂದು ಜರಡಿಯನ್ನು ತೂರಿಕೊಂಡು ಮಿದುಳಿಗೆ ಹೋಗುತ್ತದೆ. ಎಲ್ಲ ಎಳೆಗಳೂ ಸೇರಿದ ಹುರಿಯೇ ದೃಷ್ಟಿನರ. ಕೋಶಕ್ಕೆ ಬೇಕಾದ ಪೋಷಕ ದ್ರವ್ಯ ಮಿದುಳಿನ ಕಡೆಯಿಂದ ಇದೇ ಎಳೆಯೊಳಗೆ ಹಿಮ್ಮುಖವಾಗಿ ಬರಬೇಕು. ಒತ್ತಡ ಏರಿದಾಗ ಜರಡಿಯ ಬಳಿ ಈ ಸಾಗಾಟ ಕಟ್ಟಿಕೊಳ್ಳುವುದನ್ನು 1970ರ ದಶಕದಲ್ಲಿ ಡಗ್ಲಸ್ ಆಂಡರ್ಸನ್, ಹ್ಯಾರಿ ಕ್ವಿಗ್ಲಿ ಮುಂತಾದವರು ಕೋತಿಗಳ ಕಣ್ಣಿನಲ್ಲಿ ಕಂಡರು. 1995ರಲ್ಲಿ ಕ್ವಿಗ್ಲಿ ತಂಡ ಇನ್ನೊಂದು ಸಂಗತಿ ಹೊರಗೆಡವಿತು. ಈ ಕೋಶಗಳು ಜಜ್ಜಿಹೋಗಿ ಸಾಯುವುದಿಲ್ಲ. ತಮ್ಮೊಳಗೇ ಬರೆದಿಟ್ಟ ಕ್ರಮದಂತೆ ತಮ್ಮನ್ನು ತಾವೇ ಕಳಚಿಕೊಳ್ಳುತ್ತವೆ. ನನ್ನ ಲೆಕ್ಕದಲ್ಲಿ ಕಥೆ ತಿರುವು ಪಡೆದದ್ದು ಇಲ್ಲಿ. ಹಂತಹಂತವಾಗಿ ನಡೆಯುವ ಸಾವಾದರೆ ಯಾವುದಾದರೊಂದು ಹಂತದಲ್ಲಿ ಅಡ್ಡ ನಿಲ್ಲಬಹುದಲ್ಲ? ಒತ್ತಡ ಇಳಿಸುವುದರ ಜೊತೆಗೆ ಕೋಶವನ್ನೇ ಕಾಯುವ ಯೋಚನೆಗೆ ಆಗ ಜೀವ ಬಂತು.

ಮೊದಲು ಕೈಗೆ ಸಿಕ್ಕ ಶತ್ರು ಗ್ಲೂಟಮೇಟ್. ಗೋಬಿ ಮಂಚೂರಿ ಗಾಡಿಯವರು ಉದುರಿಸುವ ಟೇಸ್ಟಿಂಗ್ ಪೌಡರ್ ಇದರದೇ ಉಪ್ಪು. ನರಕೋಶಗಳು ಪರಸ್ಪರ ಸಂದೇಶ ಕಳಿಸುವುದೂ ಈ ಗ್ಲೂಟಮೇಟ್ ಮೂಲಕವೇ. 1957ರಲ್ಲಿ ಲೂಕಸ್ ಮತ್ತು ನ್ಯೂಹೌಸ್ ಎಂಬಿಬ್ಬರು ಎಳೆಯ ಇಲಿಮರಿಗಳಿಗೆ ಇದನ್ನು ಚುಚ್ಚಿದಾಗ ರೆಟಿನಾದ ಒಳಪದರ ನಾಶವಾಯಿತು. ಅತಿಯಾದ ಪ್ರಚೋದನೆಯೇ ನರಕೋಶವನ್ನು ಕೊಲ್ಲುತ್ತದೆ ಎಂಬ ವಾದವನ್ನು 1969ರಿಂದೀಚೆಗೆ ಜಾನ್ ಓಲ್ನಿ ಬೆಳೆಸಿದರು. (ಮಂಚೂರಿ ತಿಂದರೆ ಕಣ್ಣು ಹೋಗುತ್ತದೆ ಎಂದು ಯಾರೂ ಹೆದರಬೇಡಿ. ತಿನ್ನುವುದೇ ಬೇರೆ, ಇಲಿಮರಿಗೆ ಚುಚ್ಚುವುದೇ ಬೇರೆ.) 1996ರಲ್ಲಿ ಗ್ಲಾಕೊಮಾ ರೋಗಿಗಳ ಕಣ್ಣಿನೊಳಗೆ ಗ್ಲೂಟಮೇಟ್ ಹೆಚ್ಚಿದೆ ಎಂಬ ವರದಿ ಬಂದಾಗ ಎಲ್ಲರ ಆಸೆ ಗರಿಗೆದರಿತು.

ಗ್ಲೂಟಮೇಟಿಗೆ ಬಾಗಿಲು ಮುಚ್ಚುವ ಮೆಮಾಂಟಿನ್ ಎಂಬ ಔಷಧ ಆಗಲೇ ಇತ್ತು; ಮರೆವಿನ ಕಾಯಿಲೆಗೆ ಇಂದಿಗೂ ಕೊಡುತ್ತಾರೆ. ಕೋತಿಗಳಲ್ಲಿ ಅದು ಫಲ ಕೊಟ್ಟಿತು. ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಎರಡು ದೊಡ್ಡ ಪ್ರಯೋಗಗಳು ನಡೆದವು. ನಾಲ್ಕು ವರ್ಷ ಮಾತ್ರೆ ನುಂಗಿಸಿ ನೋಡಿದರೆ ಮೆಮಾಂಟಿನ್ ತೆಗೆದುಕೊಂಡವರಿಗೂ ಖಾಲಿ ಮಾತ್ರೆ ತೆಗೆದುಕೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅತ್ತ 1996ರ ವರದಿಯನ್ನು ಮತ್ತೆ ಪರೀಕ್ಷಿಸಿದವರಿಗೆ ಕಣ್ಣಿನಲ್ಲಿ ಆ ಹೆಚ್ಚುವರಿ ಗ್ಲೂಟಮೇಟ್ ಸಿಗಲೇ ಇಲ್ಲ. ಮೆಮಾಂಟಿನ್ ಪ್ರಯೋಗಗಳ ಪೂರ್ಣ ವಿವರ ಅಚ್ಚಾಗಿದ್ದು 2018ರಲ್ಲಿ. ಸೋತ ಪ್ರಯೋಗದ ಲೆಕ್ಕ ಇಷ್ಟು ತಡವಾಗಿ ಹೊರಬರಬಾರದು ಎಂದೇ ನನ್ನ ಅನಿಸಿಕೆ. ನಾಲ್ಕು ವರ್ಷ ತಪ್ಪದೆ ಮಾತ್ರೆ ನುಂಗಿದವರಿಗೆ ಅದನ್ನು ಬೇಗ ತಿಳಿಯುವ ಹಕ್ಕಿತ್ತು.

ಕೋಶವನ್ನು ಕಾಯುವ ಇದೇ ಪ್ರಯತ್ನದಲ್ಲಿ ಬ್ರಿಮೊನಿಡಿನ್ ಡ್ರಾಪ್ಸ್‌ನದು ಅರ್ಧ ಗೆಲುವು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದೂ ಟಿಮೊಲಾಲೂ ಒತ್ತಡ ಇಳಿಸಿದ್ದು ಸರಿಸಮ. ಆದರೂ ಫೀಲ್ಡ್ ಕುಗ್ಗಿದ್ದು ಟಿಮೊಲಾಲ್‌ನ 79 ಮಂದಿಯಲ್ಲಿ 31 ಜನರಿಗೆ, ಬ್ರಿಮೊನಿಡಿನ್‌ನ 99ರಲ್ಲಿ 9 ಜನರಿಗೆ. ಆದರೆ ಅಲರ್ಜಿಯಾಗಿ ನಡುವೆಯೇ ಬಿಟ್ಟುಹೋದವರು ಬ್ರಿಮೊನಿಡಿನ್ ಗುಂಪಿನಲ್ಲಿ ಹೆಚ್ಚಿದ್ದರು. ಹೀಗಾಗಿ ಗೆದ್ದೆವೆಂದು ಯಾರೂ ಎದೆ ತಟ್ಟಿ ಹೇಳಲಾಗಲಿಲ್ಲ.

ಆಮೇಲೆ ಪ್ರಶ್ನೆಯೇ ಬದಲಾಯಿತು. ಕೋಶವನ್ನು ಕೊಲ್ಲುತ್ತಿರುವುದು ಏನು ಎಂದು ಹುಡುಕುವ ಬದಲು, ಅದಕ್ಕೆ ತಾಳಿಕೊಳ್ಳುವ ಶಕ್ತಿ ಏಕೆ ಕುಂದಿತು ಎಂದು ಕೇಳತೊಡಗಿದರು. ಗ್ಯಾಂಗ್ಲಿಯಾನ್ ಕೋಶಕ್ಕೆ ಬಿಡುವೆಂಬುದಿಲ್ಲ, ಉರುವಲು ಹೇರಳವಾಗಿ ಬೇಕು. ಉರುವಲನ್ನು ಶಕ್ತಿಯಾಗಿಸಲು ಎನ್‌ಎಡಿ ಎಂಬ ಅಣು ಬೇಕೇಬೇಕು. ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ ಸೈಮನ್ ಜಾನ್, ಪೀಟ್ ವಿಲಿಯಮ್ಸ್ ಮತ್ತವರ ಸಂಗಡಿಗರು ವಯಸ್ಸಾಗುತ್ತ ಗ್ಲಾಕೊಮಾ ಬರುವ ತಳಿಯ ಇಲಿಗಳನ್ನು ಸಾಕಿದ್ದರು. ಪ್ರಾಯ ಏರಿದಂತೆ ಅವುಗಳ ರೆಟಿನಾದಲ್ಲಿ ಎನ್‌ಎಡಿ ಇಳಿಯುತ್ತಿತ್ತು. ಅದನ್ನು ತುಂಬಿಕೊಡಲು ಅವರು ಆರಿಸಿದ್ದು ನಿಕೊಟಿನಮೈಡ್, ಅಂದರೆ ವಿಟಮಿನ್ ಬಿ3. ಅತಿ ಹೆಚ್ಚಿನ ಪ್ರಮಾಣ ಕೊಟ್ಟ ಇಲಿಗಳಲ್ಲಿ ಶೇ 93ರಷ್ಟು ಕಣ್ಣುಗಳ ದೃಷ್ಟಿನರ ಹಾಳಾಗದೆ ಉಳಿಯಿತು ಎಂದು 2017ರಲ್ಲಿ ವರದಿ ಮಾಡಿದರು.

ಈ ಬಿ3 ನಮ್ಮ ದಖ್ಖನಿನ ನೆಲಕ್ಕೆ ಹೊಸತಲ್ಲ. ಬರೀ ಜೋಳದ ಮೇಲೆ ಬದುಕುತ್ತಿದ್ದ ಬಡವರ ಮೈಚರ್ಮ ಕಪ್ಪಿಟ್ಟು ಒಡೆಯುತ್ತಿದ್ದ ಪೆಲಾಗ್ರ ಕಾಯಿಲೆ ಇದರ ಕೊರತೆಯದೇ. ಅದನ್ನು ಹೈದರಾಬಾದಿನಲ್ಲಿ ಸಿ. ಗೋಪಾಲನ್ ತಂಡ 1960ರ ಹೊತ್ತಿಗೆ ಆಳವಾಗಿ ಶೋಧಿಸಿತ್ತು. ಹಸಿದವರ ಚರ್ಮ ಉಳಿಸಿದ ವಿಟಮಿನ್ ಕಣ್ಣಿನ ನರವನ್ನೂ ಉಳಿಸೀತೇ ಎಂಬ ಹಂತಕ್ಕೆ ಈಗ ಬಂದಿದ್ದೇವೆ. ಆಸ್ಟ್ರೇಲಿಯದಲ್ಲಿ 57 ಮಂದಿಗೆ ದಿನಕ್ಕೆ 1.5 ಗ್ರಾಂ, ಬಳಿಕ 3 ಗ್ರಾಂ ಕೊಟ್ಟು ನೋಡಿದಾಗ ರೆಟಿನಾದ ಒಳಪದರ ಚುರುಕಾದ ಸುಳಿವು ಸಿಕ್ಕಿತು. 2020ರ ವರದಿ ಇದು. ನೋಟ ಉಳಿಯುತ್ತದೆಯೇ ಎಂದು ತಿಳಿಯಲು ಸ್ವೀಡನ್, ಬ್ರಿಟನ್‌ಗಳಲ್ಲಿ ದೊಡ್ಡ ಪ್ರಯೋಗಗಳನ್ನು ಕೈಗೆತ್ತಿಕೊಂಡಿದ್ದಾರೆ.

ಅತ್ತೆಗೆ ಇದು ವಾಟ್ಸ್ಆ್ಯಪಿನಲ್ಲಿ ನನಗಿಂತ ಮೊದಲೇ ತಲುಪಿತ್ತು. "ವಿಟಮಿನ್ ತಾನೇ, ತರಿಸಿಬಿಡು" ಎಂದರು. ನಾನು ಅವರ ವೈದ್ಯರನ್ನು ಕೇಳಿದೆ. ದಿನಕ್ಕೆ ದೇಹಕ್ಕೆ ಬೇಕಾದದ್ದು ಸುಮಾರು 15 ಮಿಲಿಗ್ರಾಂ. 3 ಗ್ರಾಂ ಎಂದರೆ ಅದರ ಇನ್ನೂರು ಪಟ್ಟು. ಅಷ್ಟು ನುಂಗಿದರೆ ಲಿವರ್ ಕೆಡಬಹುದು, ರಕ್ತ ಪರೀಕ್ಷೆ ಇಲ್ಲದೆ ಬೇಡವೇ ಬೇಡ ಎಂದರು. ಅಂಗಡಿಯಲ್ಲಿ ಬಿ3 ಎಂದು ಕೇಳಿದರೆ ನಿಕೊಟಿನಿಕ್ ಆ್ಯಸಿಡ್ ಕೊಟ್ಟಾರು, ಅದು ಬೇರೆ, ಮೈ ಕೆಂಪಾಗಿ ಉರಿಯುತ್ತದೆ ಎಂದೂ ಎಚ್ಚರಿಸಿದರು.

ಅತ್ತೆ ಮುಖ ಸಣ್ಣದು ಮಾಡಿಕೊಂಡು ಕೇಳಿಸಿಕೊಂಡರು. ರಾತ್ರಿ ಒಂಬತ್ತಕ್ಕೆ ಮೊಬೈಲ್ ಅಲಾರಂ ಹೊಡೆಯಿತು. ಫ್ರಿಜ್ಜಿನ ಪಕ್ಕದ ಸ್ಟೀಲ್ ಡಬ್ಬಿಯಿಂದ ಪುಟ್ಟ ಬಾಟಲಿ ತೆಗೆದರು. ತಲೆ ಹಿಂದಕ್ಕೆ ಚೆಲ್ಲಿ, ಕೆಳರೆಪ್ಪೆ ಎಳೆದು, ಒಂದೇ ಹನಿ ಬಿಟ್ಟುಕೊಂಡು, ಕಣ್ಣು ಮುಚ್ಚಿ ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದರು. ಹನಿ ಗಂಟಲಿಗಿಳಿಯದೆ ಕಣ್ಣಲ್ಲೇ ಉಳಿಯಲೆಂದು ನರ್ಸಮ್ಮ ಹೇಳಿಕೊಟ್ಟ ಉಪಾಯ. ಎರಡು ನಿಮಿಷ ಹಾಗೇ ಇರಬೇಕು. ಕಣ್ಣು ತೆರೆಯದೆಯೇ ಕೇಳಿದರು: "ಆ ಸ್ವೀಡನ್ನಿನವರದು ಯಾವಾಗ ಮುಗಿಯುತ್ತಂತೆ?"