ಪೀಪಾಯಿಯ ಜಿನ್ನು ಮತ್ತು ಲೇಬಲ್ಲಿನ 57

ಮುರುಗಮಲ್ಲದಲ್ಲಿ ನಿಂತು 'ಜಿನ್' ಅಂದರೆ ಜನ ಅಮ್ಮಾಜಾನ್-ಬಾವಾಜಾನ್ ದರ್ಗಾ ಕಡೆ ಕೈ ತೋರಿಸ್ತಾರೆ. ಗಾಳಿ ಸೋಕಿದೆ, ಜಿನ್ ಹಿಡಿದಿದೆ ಅಂತ ಹಿಂದೂ-ಮುಸ್ಲಿಂ ಭೇದವಿಲ್ಲದೆ ಬರುವ ಜಾಗ ಅದು. ನಾನಿವತ್ತು ಹೇಳ್ತಿರೋದು ಬಾಟಲಿಯೊಳಗಿನ ಜಿನ್. ಅದರಲ್ಲೂ ಮರದ ಪೀಪಾಯಿಯಲ್ಲಿ ಇಟ್ಟು ತೆಗೆದ, ನೂರಕ್ಕೆ 57 ಭಾಗ ಆಲ್ಕೋಹಾಲ್ ಇರುವ ಜಿನ್. ಇದಕ್ಕೆ ದುಪ್ಪಟ್ಟು ದುಡ್ಡು ಕೊಡೋಕೂ ಜನ ತಯಾರು. ಅಂಥಾದ್ದೇನಿದೆ ಅದರಲ್ಲಿ?

ಸಾಮಾನ್ಯ ಜಿನ್ ನೀರಿನಷ್ಟೇ ತಿಳಿ. ಅದರ ಜೀವ ಜುನಿಪರ್ ಅನ್ನೋ ಕಾಯಿಯ ಚುರುಕು ವಾಸನೆ. ಉಪ್ಪಿನಕಾಯಿ ಭರಣಿಯಲ್ಲಿ ಕೂತು ಮಾಗುತ್ತಲ್ಲ, ಹಾಗೆ ಇದನ್ನ ಓಕ್ ಮರದ ಪೀಪಾಯಿಯಲ್ಲಿ ಕೂರಿಸ್ತಾರೆ. ವ್ಯತ್ಯಾಸ ಇಷ್ಟೇ, ಭರಣಿ ತನ್ನದೇನನ್ನೂ ಕೊಡಲ್ಲ, ಮರ ಕೊಡುತ್ತೆ. ಜೇನಿನ ಬಣ್ಣ, ವೆನಿಲ್ಲಾ ಘಮ, ಸ್ವಲ್ಪ ಒಗರು. ಆದರೆ ವಿಸ್ಕಿಯಂತೆ ವರ್ಷಗಟ್ಟಲೆ ಇಟ್ಟರೆ ಮರವೇ ಜುನಿಪರನ್ನು ನುಂಗಿಬಿಡುತ್ತೆ. ಅದಕ್ಕೇ ಸಾಮಾನ್ಯವಾಗಿ ಕೆಲವು ವಾರ, ಕೆಲವು ತಿಂಗಳು ಸಾಕು.

ನಮ್ಮ ಕಡೆಯ ಹವೆಯಲ್ಲಿ ಇದು ಇನ್ನೂ ಬೇಗ. 2004ರಲ್ಲಿ ಬೆಂಗಳೂರಿನ ಅಮೃತ್ ಕಂಪನಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿತು. ಸ್ಕಾಟ್‌ಲೆಂಡಿನವರಿಗೇ ವಿಸ್ಕಿ ಮಾರುವ ಧೈರ್ಯ ನೋಡಿ! ಅಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ 2 ಭಾಗ ಆವಿಯಾದರೆ, ಇಲ್ಲಿ 10ರಿಂದ 12. ಬಿಸಿಲಿಗೆ ಮರ ಅಷ್ಟು ಉಸಿರಾಡುತ್ತೆ, ಮದ್ಯ ಅಷ್ಟು ಬೇಗ ಮಾಗುತ್ತೆ.

ಇನ್ನು ಈ 57 ಎಲ್ಲಿಂದ ಬಂತು? ಮದ್ಯದಲ್ಲಿ ನೆನೆದ ಮದ್ದಿನಪುಡಿಗೆ ಬೆಂಕಿ ಇಟ್ಟಾಗ ಹತ್ತಿಕೊಂಡರೆ ಮಾಲು ಸಾಚಾ. ಬ್ರಿಟಿಷರ ಈ ಹಳೇ ಪರೀಕ್ಷೆಯಿಂದ ಬಂದದ್ದು 'ಪ್ರೂಫ್' ಲೆಕ್ಕ. ಅವರ 100 ಪ್ರೂಫ್ ಅಂದರೆ ನೂರಕ್ಕೆ 57 ಚಿಲ್ಲರೆ. ಅದಕ್ಕೇ ಇದನ್ನ 'ನೇವಿ ಸ್ಟ್ರೆಂತ್' ಅಂತಾನೂ ಮಾರ್ತಾರೆ. ನಮ್ಮ ವೈನ್ ಶಾಪಿನ ಬಾಟಲಿ ಮೇಲೆ '25 ಯು.ಪಿ.' ಅಂತ ಇರುತ್ತಲ್ಲ? ಉತ್ತರ ಪ್ರದೇಶ ಅಲ್ಲ ಸ್ವಾಮಿ, ಅಂಡರ್ ಪ್ರೂಫ್! ನೂರರಲ್ಲಿ 25 ಕಮ್ಮಿ, ಅಂದರೆ 42.8. ರುಚಿಯ ಎಣ್ಣೆಗಳು ಗಟ್ಟಿ ಮದ್ಯದಲ್ಲಿ ಚೆನ್ನಾಗಿ ಕರಗಿರುತ್ತವೆ, ಸೋಡಾ ಟಾನಿಕ್ ಬೆರೆಸಿದರೂ ವಾಸನೆ ಸಾಯಲ್ಲ. ಆಕರ್ಷಣೆ ಇರೋದೇ ಅಲ್ಲಿ. ಅದು ಸುಳ್ಳಲ್ಲ.

ಆದರೆ ನಮ್ಮವರ ಅಳತೆ ಬೇರೆ. 2007ರ ಜುಲೈ 1ಕ್ಕೆ ರಾಜ್ಯದಲ್ಲಿ ಸಾರಾಯಿ ನಿಂತಿತು, ಕೂಲಿ ಮಾಡುವವರ ಕೈಗೆ 90 ಎಂ.ಎಲ್. ಪ್ಯಾಕೆಟ್ ಬಂತು. ನಮ್ಮಲ್ಲಿ 'ನೈಂಟಿ' ಅನ್ನೋದು ಅಂಗಡಿಯ ಲೆಕ್ಕ ಮಾತ್ರ ಅಲ್ಲ, ಮೈಯ ಲೆಕ್ಕವೂ ಹೌದು. ಒಂದು ಹಾಕಿದರೆ ಮನೆ ಸೇರಬಹುದು, ಎರಡಾದರೆ ಕಷ್ಟ ಅಂತ ಅವರವರಿಗೆ ಗೊತ್ತಿರುತ್ತೆ. ಆ ಅಂದಾಜು 42.8ರ ಮೇಲೆ ನಿಂತದ್ದು. ಈಗ 57ರ ಜಿನ್ 90 ಎಂ.ಎಲ್. ಸುರಿದುಕೊಳ್ಳಿ. ಒಳಗೆ ಹೋಗುವ ಆಲ್ಕೋಹಾಲ್ 51 ಎಂ.ಎಲ್. ಮಾಮೂಲಿ ಮಾಲಿನ 120ರಲ್ಲಿ ಇರೋದೂ ಅಷ್ಟೇ. ನೈಂಟಿ ಕುಡಿದೆ ಅಂದುಕೊಂಡವನು ನೂರಿಪ್ಪತ್ತು ಕುಡಿದಿರ್ತಾನೆ. ಮರದ ಸಿಹಿ ಘಮ ಖಾರವನ್ನು ಮೆತ್ತಗೆ ಮಾಡಿರೋದರಿಂದ ಗಂಟಲು ಎಚ್ಚರಿಸಲ್ಲ. ಚಿಂತಾಮಣಿಯಿಂದ ರಾತ್ರಿ ಬೈಕಿನಲ್ಲಿ ಮುರುಗಮಲ್ಲಕ್ಕೆ ಹೊರಟವನಿಗೆ ಆ ಮೂವತ್ತು ಎಂ.ಎಲ್. ಗೊತ್ತಾಗೋದು ತಿರುವಿನಲ್ಲಿ.