ನೆರೆ ಬಂದಾಗ ಶ್ರಾವಕ ಧರ್ಮ

ಆಷಾಢ, ಶ್ರಾವಣ ಮಾಸಗಳಲ್ಲಿ ಮಲೆನಾಡಿನಲ್ಲಿ ಮಳೆ ಬಿರುಸಾದರೆ ಅದರ ಪರಿಣಾಮವನ್ನು ಹರಿಹರದ ಜನ ಅನುಭವಿಸಬೇಕಾಗುತ್ತದೆ. ಗಾಜನೂರಿನ ತುಂಗಾ ಜಲಾಶಯ ಚಿಕ್ಕದು. ಬಂದ ನೀರನ್ನು ಬಹುಕಾಲ ತಡೆದಿಡುವ ಸಾಮರ್ಥ್ಯ ಅದಕ್ಕಿಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯವೂ ತುಂಬಿ ಗೇಟುಗಳನ್ನು ತೆರೆದರೆ, ಕೂಡಲಿಯಲ್ಲಿ ಒಂದಾದ ಎರಡು ನದಿಗಳು ಹೊನ್ನಾಳಿಯನ್ನು ದಾಟಿ ಹರಿಹರಕ್ಕೆ ಬರುವ ಹೊತ್ತಿಗೆ ದಡ ಮೀರಿರುತ್ತವೆ. ನದಿ ದಂಡೆಯ ಗಂಗಾನಗರದ ಮನೆಗಳಿಗೆ ನೀರು ನುಗ್ಗುತ್ತದೆ. ಸಾರಥಿ–ಚಿಕ್ಕಬಿದರಿ ನಡುವಿನ ಸೇತುವೆ ಮುಳುಗುತ್ತದೆ. ಉಕ್ಕಡಗಾತ್ರಿಯ ದಾರಿ ಕಡಿದುಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ರಾಜ್ಯದ ಅನೇಕ ಜಿಲ್ಲೆಗಳು ಜಲಾವೃತವಾದಾಗ ಈ ತೀರವೂ ಅದೇ ಸಂಕಟವನ್ನು ಕಂಡಿತು.

ಇದೇ ಕಾಲ ನಮಗೆ ಚಾತುರ್ಮಾಸ. ಮಳೆಗಾಲದಲ್ಲಿ ನೆಲದ ಮೇಲೆ ಹುಟ್ಟುವ ಅಸಂಖ್ಯ ಸೂಕ್ಷ್ಮಜೀವಿಗಳಿಗೆ ತಮ್ಮ ಪಾದಗಳಿಂದ ಹಿಂಸೆಯಾಗಬಾರದೆಂದು ತ್ಯಾಗಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಬಸದಿಗಳಲ್ಲಿ, ಸ್ಥಾನಕಗಳಲ್ಲಿ ಪ್ರವಚನ, ಉಪವಾಸ, ಸ್ವಾಧ್ಯಾಯಗಳು ನಡೆಯುತ್ತವೆ. ಕಣ್ಣಿಗೆ ಕಾಣದ ಜೀವಿಯ ಮೇಲೂ ದಯೆ ತೋರುವ ಧರ್ಮವನ್ನು ದಾವಣಗೆರೆಯಲ್ಲಿ ಕುಳಿತು ಆಲಿಸುವವನಿಗೆ, ಕೇವಲ 14 ಕಿಲೋಮೀಟರ್ ದೂರದಲ್ಲಿ ಮನೆ ಬಿಟ್ಟು ಹೊರಟ ಕುಟುಂಬವೊಂದು ಕಾಣದೆ ಹೋದರೆ ಆ ಶ್ರವಣಕ್ಕೆ ಅರ್ಥವೇನು?

ಇಂತಹ ಸಂದರ್ಭದಲ್ಲಿ ಒಂದು ಮಾತು ಕಿವಿಗೆ ಬೀಳುವುದುಂಟು: ‘ಅವರವರ ಕರ್ಮವನ್ನು ಅವರವರೇ ಉಣ್ಣಬೇಕು, ನಾವೇನು ಮಾಡಲಾದೀತು?’ ಕರ್ಮಸಿದ್ಧಾಂತವನ್ನು ಒಪ್ಪಿದವರಿಗೆ ಈ ಮಾತು ಶಾಸ್ತ್ರಸಮ್ಮತವೆಂದು ತೋರಬಹುದು. ಆದರೆ ಅದರಲ್ಲಿರುವುದು ಶಾಸ್ತ್ರದ ಅರ್ಧಭಾಗ ಮಾತ್ರ. ದುಃಖಕ್ಕೆ ಅಸಾತಾವೇದನೀಯ ಕರ್ಮದ ಉದಯ ಒಳಗಿನ ಕಾರಣವೆಂಬುದು ನಿಜ. ಆ ದುಃಖವನ್ನು ಕಂಡ ಕ್ಷಣ ನನ್ನ ಅಂತರಂಗದಲ್ಲಿ ಏಳುವ ಭಾವ ಮಾತ್ರ ನನ್ನ ಕರ್ಮಬಂಧಕ್ಕೆ ಸೇರಿದ್ದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ, ಸಕಲ ಪ್ರಾಣಿಗಳ ಮೇಲೆ ಹಾಗೂ ವ್ರತಿಗಳ ಮೇಲೆ ತೋರುವ ಅನುಕಂಪೆಯನ್ನು ಮೊದಲು ಹೇಳಿ, ಅನಂತರ ದಾನವನ್ನು ಹೇಳಿದ್ದಾರೆ. ಅದಕ್ಕೂ ಮೊದಲು, ಐದನೆಯ ಅಧ್ಯಾಯದಲ್ಲಿ, ಒಂದು ಜೀವ ಇನ್ನೊಂದಕ್ಕೆ ನೆರವಾಗುವುದನ್ನು ಜೀವಗಳ ಉಪಕಾರವೆಂದು ತಿಳಿಸಿದ್ದಾರೆ. ಕರ್ಮಸಿದ್ಧಾಂತವು ನಮ್ಮನ್ನು ನಾವು ನೋಡಿಕೊಳ್ಳುವ ಕನ್ನಡಿ. ಅದನ್ನು ಪರರ ಕಣ್ಣೀರನ್ನು ಅಳೆಯುವ ಕೊಳಗವನ್ನಾಗಿ ಮಾಡಿಕೊಳ್ಳಬಾರದು.

ಪಾತ್ರಾಪಾತ್ರ ವಿವೇಚನೆ ಬೇಡವೇ ಎಂದು ಕೇಳುವವರೂ ಇದ್ದಾರೆ. ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ಇದಕ್ಕೆ ಸ್ಪಷ್ಟ ಉತ್ತರ ನೀಡಿದ್ದಾರೆ. ಅವರು ದತ್ತಿಯನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ತಪಸ್ವಿಗಳಿಗೆ ಕೊಡುವುದು ಪಾತ್ರದತ್ತಿ, ಸಮಾನ ಧರ್ಮಾಚರಣೆಯ ಗೃಹಸ್ಥನಿಗೆ ಕೊಡುವುದು ಸಮದತ್ತಿ, ಮಗನಿಗೆ ಕುಲದ ಹೊಣೆಯನ್ನು ಒಪ್ಪಿಸುವುದು ಅನ್ವಯದತ್ತಿ. ದಯಾದತ್ತಿಯಾದರೋ ಸಂಕಟದಲ್ಲಿರುವ ಜೀವಿಗಳ ಭಯವನ್ನು ನೀಗುವುದು. ಅಲ್ಲಿ ಜಾತಿ, ಮತ, ಓಣಿಗಳನ್ನು ವಿಚಾರಿಸಬೇಕಾದ ಅಗತ್ಯವಿಲ್ಲ. ನೆರೆಯ ಭಯವೇ ಅವರಿಗೆ ಸಾಕಷ್ಟು ಅರ್ಹತೆ.

ಹಾಗಾದರೆ ಏನನ್ನು ಕೊಡಬೇಕು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ಆಹಾರ, ಔಷಧ, ಉಪಕರಣ, ಆವಾಸಗಳೆಂಬ ನಾಲ್ಕು ಬಗೆಯ ದಾನವಾಗಿ ನಿರೂಪಿಸಿದ್ದಾರೆ. ಮೂಲದಲ್ಲಿ ಅದು ಸಂಯಮಿಗಳ ಸೇವೆಗೆ ಸಂಬಂಧಿಸಿದ್ದು. ಆದರೂ ನೆರೆಪೀಡಿತರ ಸೇವೆಗೆ ಹೊರಟವರಿಗೂ ಆ ಕ್ರಮ ದಾರಿ ತೋರಿಸುತ್ತದೆ.

ಮೊದಲನೆಯ ದಾನದಲ್ಲಿ ನಮ್ಮ ಜನ ಹಿಂದೆ ಬೀಳುವುದಿಲ್ಲ. ಹಿಂದೆ ಗಂಜಿ ಕೇಂದ್ರವೆಂದು ಕರೆಯುತ್ತಿದ್ದ, ಈಗ ಕಾಳಜಿ ಕೇಂದ್ರವೆನಿಸಿಕೊಂಡಿರುವ ಆಶ್ರಯಗಳಿಗೆ ಮೊದಲ ಎರಡು ಮೂರು ದಿನ ಅನ್ನಕ್ಕೆ ಕೊರತೆಯಾಗದು. ಒಲೆ ಹೊತ್ತಿಸಲಾಗದವರಿಗೆ ದಾವಣಗೆರೆಯ ಮಂಡಕ್ಕಿಯೂ ದೊಡ್ಡ ಆಸರೆಯೇ. ನೀರಿನ ಕಡೆಗೂ ಗಮನ ಬೇಕು. ನೀರನ್ನು ಸೋಸಿ ಕುಡಿಯುವುದು ನಮ್ಮ ಮನೆಗಳ ಹಳೆಯ ಆಚಾರ. ನೆರೆಯ ದಿನಗಳಲ್ಲಿ ಸೋಸಿದ ನೀರನ್ನು ಚೆನ್ನಾಗಿ ಕುದಿಸಿಯೂ ಕೊಡಬೇಕು.

ಔಷಧದ ಅಗತ್ಯ ಹೆಚ್ಚುವುದು ನೀರು ಇಳಿದ ಮೇಲೆ. ವಾಂತಿಭೇದಿ, ಇಲಿಜ್ವರಗಳು ಆಗಲೇ ಕಾಣಿಸಿಕೊಳ್ಳುತ್ತವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ವೃದ್ಧರ ಗುಳಿಗೆಗಳು ನೀರಿನಲ್ಲಿ ಕೊಚ್ಚಿಹೋಗಿರುತ್ತವೆ. ಅನ್ನ ಬಡಿಸುವವರು ಅದನ್ನೂ ಕೇಳಿ ತಿಳಿಯಬೇಕು.

ಮೂರನೆಯದಾದ ಉಪಕರಣದಾನವನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ಗಾರೆಯವನಿಗೆ ಕರಣೆ, ದರ್ಜಿಗೆ ಹೊಲಿಗೆ ಯಂತ್ರ, ಮಗುವಿಗೆ ಪುಸ್ತಕ ಇವೆಲ್ಲ ಉಪಕರಣಗಳೇ. ಬಹುಕಾಲ ಶಾಲೆಯಲ್ಲಿ ಪಾಠ ಹೇಳಿದ ನನಗೆ ಈ ವಿಷಯದಲ್ಲಿ ಕಿಲ್ಲಾರಿಯ ನೆನಪಾಗುತ್ತದೆ. ನಮ್ಮ ಗಡಿಗೆ ಸಮೀಪದ ಲಾತೂರು ಜಿಲ್ಲೆಯ ಆ ಊರು 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ನೆಲಸಮವಾಯಿತು. ಆ ದುರಂತದಲ್ಲಿ ಆ ಪ್ರದೇಶದ ಸುಮಾರು 10 ಸಾವಿರ ಜನ ಮಡಿದರು. ಶಾಂತಿಲಾಲ್ ಮುಥಾ ಅವರು 1985ರಲ್ಲಿ ಸ್ಥಾಪಿಸಿದ ಭಾರತೀಯ ಜೈನ ಸಂಘಟನೆಯು ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆತಂದು ಅವರ ವಸತಿ, ವಿದ್ಯಾಭ್ಯಾಸಗಳ ಹೊಣೆ ಹೊತ್ತಿತು. 2001ರ ಜನವರಿ 26ರ ಗುಜರಾತ್ ಭೂಕಂಪದ ತರುವಾಯ ಅದೇ ಸಂಸ್ಥೆ ಸುಮಾರು ಮೂರು ತಿಂಗಳಲ್ಲಿ 368 ಶಾಲೆಗಳಿಗೆ ತಾತ್ಕಾಲಿಕ ಕಟ್ಟಡಗಳನ್ನು ನಿರ್ಮಿಸಿತು. ಹೊಟ್ಟೆಗೆ ಹಾಕಿದ ಅನ್ನ ಆ ದಿನವನ್ನು ಕಾಯುತ್ತದೆ. ಮತ್ತೆ ತೆರೆದ ಶಾಲೆ ಆ ಮಗುವಿನ ಮುಂದಿನ ಬಾಳನ್ನೇ ಕಾಯುತ್ತದೆ.

ಆವಾಸದಾನ ಎಲ್ಲಕ್ಕಿಂತ ನಿಧಾನವಾದದ್ದು. ನೆನೆದ ಮಣ್ಣಿನ ಗೋಡೆಗಳು ಅನೇಕ ವೇಳೆ ನೀರು ಇಳಿದ ನಂತರ ಕುಸಿಯುತ್ತವೆ. ಆಗ ಪತ್ರಿಕೆಗಳಲ್ಲಿ ಸುದ್ದಿ ಇರುವುದಿಲ್ಲ, ದಾನಿಗಳ ವಾಹನಗಳೂ ಬರುವುದಿಲ್ಲ. ಸರ್ಕಾರದ ಪರಿಹಾರ ಪಡೆಯಲು ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕಗಳು ಬೇಕು. ಅವು ನೀರುಪಾಲಾಗಿದ್ದರೆ ಬಡವ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಓದುಬರಹ ಬಲ್ಲ ನಿವೃತ್ತರು ಅಲ್ಲಿ ಕುಳಿತು ಅರ್ಜಿ ಬರೆದುಕೊಟ್ಟರೆ ಅದೂ ಆವಾಸದಾನದ ಭಾಗವೇ. ಇದಕ್ಕೆ ಹಣ ಬೇಡ; ನಾಲ್ಕು ದಿನಗಳ ಸಮಯವೂ ಸಹನೆಯೂ ಸಾಕು.

ಮನುಷ್ಯರಷ್ಟೇ ನೆರೆಗೆ ಸಿಕ್ಕುವುದಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಪ್ರಾಣಿಯನ್ನು ಕಟ್ಟಿಹಾಕುವುದು, ಅದರ ಅನ್ನಪಾನಗಳನ್ನು ತಡೆಯುವುದು ಎಂಬ ಎರಡು ಸೇರಿವೆ. ನೀರು ಏರುವ ಸೂಚನೆ ದೊರೆತ ರಾತ್ರಿ ಕೊಟ್ಟಿಗೆಯ ಹಗ್ಗವನ್ನು ಬಿಚ್ಚುವುದು, ಎತ್ತರದ ಜಾಗಕ್ಕೆ ಸೇರಿದ ದನಕರುಗಳಿಗೆ ಮೇವು ತಲುಪಿಸುವುದು ಈ ವ್ರತದ ನೇರ ಪಾಲನೆ.

ಕೊಡುವ ರೀತಿಯಲ್ಲಿಯೂ ಧರ್ಮವಿದೆ. ಹದಿಮೂರನೆಯ ಶತಮಾನದಲ್ಲಿ ಕಚ್ಛದ ಭದ್ರೇಶ್ವರದಲ್ಲಿದ್ದ ಶ್ರಾವಕ ಜಗಡೂ ಶಾಹನ ಕಥೆಯನ್ನು ಸರ್ವಾನಂದ ಸೂರಿಗಳ ಜಗಡೂಚರಿತವು ವಿವರಿಸುತ್ತದೆ. ಬರಗಾಲ ಬರಲಿದೆಯೆಂದು ಗುರುಗಳಿಂದ ತಿಳಿದ ಆತ ಕಣಜಗಳನ್ನು ಮೊದಲೇ ತುಂಬಿಸಿ, ಈ ಧಾನ್ಯ ಬಡವರದೆಂದು ತಾಮ್ರಪಟದಲ್ಲಿ ಬರೆಯಿಸಿ ಇಟ್ಟಿದ್ದನಂತೆ. ಕೈಚಾಚಲು ನಾಚುವ ಕುಲೀನರಿಗೆ ಸಿಹಿಯುಂಡೆಯೊಳಗೆ ಚಿನ್ನದ ನಾಣ್ಯವನ್ನಿರಿಸಿ ಕೊಡಿಸಿದನೆಂದೂ, ಅದಕ್ಕೆ ‘ಲಜ್ಜಾಪಿಂಡ’ವೆಂಬ ಹೆಸರಿತ್ತೆಂದೂ ಆ ಕೃತಿ ಹೇಳುತ್ತದೆ. ಒಂದು ಹೊದಿಕೆ ಕೊಟ್ಟು ಹತ್ತು ಭಾವಚಿತ್ರ ತೆಗೆಸಿಕೊಳ್ಳುವ ಇಂದಿನವರು ಇದನ್ನು ಮನನ ಮಾಡಬೇಕು. ಪಡೆಯುವವನು ತಲೆ ತಗ್ಗಿಸುವಂತೆ ಕೊಟ್ಟರೆ ನಮ್ಮಲ್ಲಿ ಬೆಳೆಯುವುದು ಮಾನಕಷಾಯವೇ ಹೊರತು ಪುಣ್ಯವಲ್ಲ.

ಜಗಡೂವಿನ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. ಆತ ಸಂಕಟ ಬಂದ ಮೇಲೆ ಎತ್ತಿಡಲಿಲ್ಲ, ಬರುವ ಮೊದಲೇ ಎತ್ತಿಟ್ಟ. ಪರಿಗ್ರಹಪರಿಮಾಣ ವ್ರತದ ಸಾಮಾಜಿಕ ಫಲ ಇದೇ: ತನಗೆ ಇಷ್ಟು ಸಾಕೆಂದು ಮಿತಿ ಹಾಕಿಕೊಂಡವನ ಬಳಿ ಇತರರಿಗಾಗಿ ಉಳಿದಿರುತ್ತದೆ. ಆದಿನಾಥ ಸ್ವಾಮಿಗೆ ಶ್ರೇಯಾಂಸ ಮಹಾರಾಜನು ಕಬ್ಬಿನ ಹಾಲಿನ ಆಹಾರ ನೀಡಿ ದಾನತೀರ್ಥವನ್ನು ಆರಂಭಿಸಿದ ಅಕ್ಷಯ ತೃತೀಯಾ ಬರುವುದು ಮುಂಗಾರಿಗೆ ಮೊದಲು. ಆ ದಿನ ಚಿನ್ನದಂಗಡಿಯ ಮುಂದೆ ನಿಲ್ಲುವ ಬದಲು ಪ್ರತಿ ಮನೆಯೂ ಒಂದಿಷ್ಟು ಧಾನ್ಯ, ಒಂದು ಹೊದಿಕೆ, ಒಬ್ಬ ವಿದ್ಯಾರ್ಥಿಗೆ ಬೇಕಾಗುವಷ್ಟು ಪುಸ್ತಕಗಳ ಹಣವನ್ನು ತೆಗೆದಿರಿಸಲಿ. ನೆರೆ ಬಾರದೆ ಇದ್ದರೆ ಸಂತೋಷ. ಅದು ಬೇರೆ ಬಡವನಿಗೆ ಸಲ್ಲುತ್ತದೆ. ಬಂದರೆ, ತುಂಗಭದ್ರೆಯ ದಡದ ನಮ್ಮ ನೆರೆಹೊರೆಯವರು ನಮಗಾಗಿ ಕಾಯಬೇಕಾಗುವುದಿಲ್ಲ.