ಮೂಗಿನ ಮೇಲಿನ ಗುರುತು

ಅಬಿಡ್ಸಿನಲ್ಲಿ ಬಿಡಾರ ಹೂಡಿರುವ ಕನ್ನಡಿಗನ ಮನೆಗೆ ಊರ ಕಡೆಯ ನೆಂಟರು ಬರುವುದು ಸಾಮಾನ್ಯವಾಗಿ ಮೂರು ಕಾರಣಗಳಿಂದ: ಮದುವೆಯ ಜವಳಿ, ಮಕ್ಕಳ ಪರೀಕ್ಷೆ, ಇಲ್ಲವೇ ದವಾಖಾನೆ. ಮೊದಲೆರಡು ಕಾರಣಗಳಿಗಾಗಿ ಬಂದವರು ತಾಜ್ ಮಹಲ್ ಹೋಟೆಲಿನಲ್ಲಿ ಇಡ್ಲಿ ತಿಂದು, ಭಾನುವಾರವಾದರೆ ರಸ್ತೆಯ ಬದಿಯ ಹಳೆಯ ಪುಸ್ತಕಗಳ ರಾಶಿಯನ್ನು ಒಂದು ಸುತ್ತು ಕೆದಕಿ, ಸಂತೋಷವಾಗಿ ಊರಿಗೆ ಮರಳುತ್ತಾರೆ. ಮೂರನೆಯ ಕಾರಣಕ್ಕೆ ಬಂದವರ ಮಾತು ಬೇರೆ. 1956ರ ನವೆಂಬರ್ 1ರಂದು ಬೀದರ, ಕಲಬುರ್ಗಿ, ರಾಯಚೂರು ಸೀಮೆಗಳು ಹೈದರಾಬಾದು ರಾಜ್ಯದಿಂದ ಬೇರೆಯಾಗಿ ಮೈಸೂರು ರಾಜ್ಯವನ್ನು ಸೇರಿದವು. ಆದರೆ ಜಡ್ಡು ಜೋರಾದಾಗ ಆ ಸೀಮೆಯ ಎಷ್ಟೋ ಜನ ಹೊರಡುವ ದಿಕ್ಕು ಮಾತ್ರ ಬದಲಾಗಲಿಲ್ಲ. ಇಂದಿಗೂ ಅವರು ನಾಂಪಲ್ಲಿ ಸ್ಟೇಷನ್ನಿನಲ್ಲೋ ಇಮ್ಲಿಬನ್ ಬಸ್ ನಿಲ್ದಾಣದಲ್ಲೋ ಇಳಿದು, ನಮ್ಮಂಥವರ ಮನೆಯ ಬಾಗಿಲು ತಟ್ಟುತ್ತಾರೆ.

ಕೊರೊನಾ ಹಾವಳಿ ತಗ್ಗಿದ ಮೇಲಿನ ಒಂದು ಚಳಿಗಾಲದಲ್ಲಿ ಹಾಗೆ ಬಂದವಳು ನಮ್ಮ ದೊಡ್ಡವ್ವ. ಜೇವರ್ಗಿ ಕಡೆಯ ಹಳ್ಳಿ. ನಲವತ್ತು ವರ್ಷ ಕಟ್ಟಿಗೆಯ ಒಲೆಯ ಮುಂದೆ ಕುಳಿತ ಜೀವ. ಬೀಡಿಯನ್ನು ಕೈಯಿಂದ ಮುಟ್ಟದಿದ್ದರೂ ಒಲೆಯ ಹೊಗೆಯಿಂದಲೇ ಆಕೆಯ ಪುಪ್ಪುಸಗಳು ಸೋತಿದ್ದವು. ನಗರದ ಆಸ್ಪತ್ರೆಯೊಂದರ ಐ.ಸಿ.ಯು.ವಿಗೆ ಸೇರಿಸಿದೆವು. ಮೂಗು ಬಾಯಿಗಳನ್ನು ಮುಚ್ಚುವ ಮಾಸ್ಕನ್ನು ಪಟ್ಟಿಗಳಿಂದ ತಲೆಗೆ ಬಿಗಿದು, ಯಂತ್ರದಿಂದ ಗಾಳಿಯನ್ನು ಒತ್ತಿ ಉಸಿರಾಡಿಸತೊಡಗಿದರು. ಸಂಜೆ ಹತ್ತು ನಿಮಿಷ, ಮನೆಯ ಒಬ್ಬರಿಗೆ ಮಾತ್ರ ಒಳಗೆ ಪ್ರವೇಶ.

ಎರಡನೆಯ ದಿನ ನಾನು ಹೋದಾಗ ದೊಡ್ಡವ್ವ ಮತ್ತೆ ಮತ್ತೆ ಕೈಯೆತ್ತಿ ಮಾಸ್ಕಿನ ಕಡೆ ಒಯ್ಯುತ್ತಿದ್ದಳು. ಒಳಗಿನಿಂದ ಏನೋ ಹೇಳುತ್ತಿದ್ದಳು; ಗಾಳಿಯ ಸದ್ದಿನಲ್ಲಿ ಒಂದಕ್ಷರವೂ ತಿಳಿಯದು. "ನೊಪ್ಪಿ ಉಂದಾ ಅಮ್ಮಾ?" ಎಂದು ದಾದಿ ತೆಲುಗಿನಲ್ಲಿ ಕೇಳಿದಳು. ದೊಡ್ಡವ್ವನಿಗೆ ತೆಲುಗೂ ಬಾರದು, ಉರ್ದೂವೂ ಬಾರದು. ಮುದುಕಿಗೆ ದಿಕ್ಕು ತೋಚದೆ ಹೀಗೆ ಎಳೆದಾಡುತ್ತಿದ್ದಾಳೆ ಎಂದು ಎಲ್ಲರೂ ಬಗೆದರು. ನಾನೂ ಹಾಗೆಯೇ ಬಗೆದೆ. "ತೆಗೀಬ್ಯಾಡ ದೊಡ್ಡವ್ವ, ಅದರಿಂದನೇ ನಿನ್ನ ಉಸಿರು ನಡದದ" ಎಂದು ಸ್ವಲ್ಪ ಗದರಿಕೊಂಡೇ ಹೇಳಿ ಕೈಯನ್ನು ಕೆಳಗಿಟ್ಟೆ.

ನಾಲ್ಕನೆಯ ದಿನ ಮಾಸ್ಕನ್ನು ತೆಗೆದು ನೀರು ಕುಡಿಸುವಾಗ ನೋಡಿದರೆ, ಮೂಗಿನ ದಿಂಡಿನ ಮೇಲೆ ರೂಪಾಯಿಯ ನಾಣ್ಯಕ್ಕಿಂತ ಕೊಂಚ ಚಿಕ್ಕದಾದ ಕಪ್ಪು-ನೇರಳೆಯ ಗುರುತು. ಬಿಗಿದದ್ದರ ಗುರುತು, ತಾನಾಗಿಯೇ ಹೋದೀತು ಎಂದುಕೊಂಡು ಸುಮ್ಮನಾದೆ. ಎರಡು ದಿನಗಳಲ್ಲಿ ಆ ಚರ್ಮ ಕಿತ್ತುಬಂತು. ಉಸಿರಾಟ ಸರಿಹೋಗಿ ಆಕೆ ಮನೆಗೆ ಬಂದ ಮೇಲೂ ಆ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನವೂ ಕನ್ನಡಕ ಹಾಕುವಂತಿಲ್ಲ. ಒಂದು ಸಂಜೆ ಆಕೆ ಯಾವ ಸಿಟ್ಟೂ ಇಲ್ಲದೆ ಹೇಳಿದಳು: "ನಾ ತೆಗಿ ಅಂದಿದ್ದಿಲ್ಲ ತಮ್ಮಾ, ಜರಾ ಸಡ್ಲ ಮಾಡು ಅಂದಿದ್ದೆ."

ಆ ಆಸ್ಪತ್ರೆ ಯಾವುದೆಂದು ಓದುಗರು ಕೇಳಬಾರದು. ಅಲ್ಲಿಯವರೇ ಆಕೆಯ ಪ್ರಾಣವನ್ನು ಉಳಿಸಿದವರು. ಆದರೆ ಅಂದು ನನಗೆ ತಿಳಿಯದೆ ಹೋದದ್ದು ನಮ್ಮ ಇತರ ಮನೆಗಳಿಗಾದರೂ ತಿಳಿದಿರಲಿ ಎಂದು, ವೈದ್ಯ ಮಿತ್ರರಿಂದ ಕೇಳಿಯೂ ಓದಿಯೂ ಅರಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗುರುತಲ್ಲ, ಗಾಯ

ಬಹುದಿನ ಮಲಗಿದವರ ಬೆನ್ನಿಗೂ ಸೊಂಟಕ್ಕೂ ಹಾಸಿಗೆ ಹುಣ್ಣಾಗುವುದನ್ನು ನಾವೆಲ್ಲ ಬಲ್ಲೆವು. ಅದೇ ಜಾತಿಯ ಗಾಯ ಚಿಕಿತ್ಸೆಯ ಉಪಕರಣದಿಂದಲೂ ಆಗುತ್ತದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಕಾರಣ ಬಹು ಸರಳ. ನಿಮ್ಮ ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿ, ಬಿಳಿಚುತ್ತದೆ. ಅಲ್ಲಿಯ ಸೂಕ್ಷ್ಮ ರಕ್ತನಾಳಗಳು ಮುಚ್ಚಿಕೊಂಡವು ಎಂದರ್ಥ. ಕೈ ಬಿಟ್ಟರೆ ರಕ್ತ ಮರಳುತ್ತದೆ. ಬಿಡದೆ ಗಂಟೆಗಟ್ಟಲೆ ಒತ್ತಿದ್ದರೆ ಆ ಭಾಗದ ಮಾಂಸಕ್ಕೆ ಅನ್ನವಿಲ್ಲ, ಗಾಳಿಯಿಲ್ಲ, ಅದು ಸಾಯತೊಡಗುತ್ತದೆ. ಆರೋಗ್ಯವಂತನಾದವನು ಕನ್ನಡಕ ಒತ್ತಿದರೆ ತೆಗೆದಿಡುತ್ತಾನೆ, ಹೊಸ ಚಪ್ಪಲಿ ಕಚ್ಚಿದರೆ ಬಿಡುತ್ತಾನೆ. ನಿದ್ರೆಯ ಔಷಧದಲ್ಲಿ ಮಲಗಿದ ರೋಗಿ ಏನು ಮಾಡಿಯಾನು?

ಅದರ ಮೇಲೆ ಐ.ಸಿ.ಯು. ರೋಗಿಯ ಚರ್ಮ ಮೊದಲೇ ಬಡವಾಗಿರುತ್ತದೆ. ರಕ್ತದ ಒತ್ತಡ ಇಳಿದಿರುತ್ತದೆ. ಅದನ್ನು ಏರಿಸಲು ಕೊಡುವ ಕೆಲವು ಔಷಧಗಳು ಚರ್ಮಕ್ಕೆ ಹೋಗುವ ರಕ್ತವನ್ನು ಇನ್ನಷ್ಟು ಕಡಿಮೆ ಮಾಡುತ್ತವೆ. ಮೈ ಬಾತುಕೊಂಡಾಗ ನಿನ್ನೆ ಸರಿಯಾಗಿದ್ದ ಪಟ್ಟಿ ಇಂದು ಬಿಗಿಯಾಗುತ್ತದೆ. ಮಾಸ್ಕಿನ ಅಡಿಯಲ್ಲಿ ಬೆವರು, ಉಸಿರಿನ ತೇವ ನಿಂತು ಚರ್ಮ ಮೆತ್ತಗಾಗುತ್ತದೆ. ಮೂಗಿನ ದಿಂಡು, ಕಿವಿ ಮುಂತಾದೆಡೆಗಳಲ್ಲಿ ಎಲುಬು ಅಥವಾ ಮೃದ್ವಸ್ಥಿಯ ಮೇಲೆ ನೇರವಾಗಿ ಚರ್ಮವೇ ಇರುವುದರಿಂದ, ಗಾಯ ಬೇಗನೆ ಆಳಕ್ಕಿಳಿಯುತ್ತದೆ.

2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆಸ್ಪತ್ರೆಯಲ್ಲಿ ಉಂಟಾದ ಒತ್ತಡದ ಗಾಯಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಉಪಕರಣಗಳಿಂದಲೇ ಆದವುಗಳೆಂದು ಕಂಡುಬಂತು. 2016ರಲ್ಲಿ ಅಲ್ಲಿಯ ತಜ್ಞರ ಮಂಡಳಿ 'ಒತ್ತಡದ ಹುಣ್ಣು' ಎಂಬ ಹಳೆಯ ಹೆಸರನ್ನು ಬಿಟ್ಟು 'ಒತ್ತಡದ ಗಾಯ' ಎಂಬ ಹೆಸರನ್ನು ಬಳಕೆಗೆ ತಂದಿತು. ಚರ್ಮ ಒಡೆದು ಹುಣ್ಣಾಗುವ ಮೊದಲೇ ಒಳಗೆ ಪೆಟ್ಟಾಗಿರುತ್ತದೆ ಎಂಬುದೇ ಇದರ ಹುರುಳು. ಉಪಕರಣದಿಂದಾದ ಗಾಯಕ್ಕೆ ಸಾಮಾನ್ಯವಾಗಿ ಆ ಉಪಕರಣದ ಆಕಾರವೇ ಇರುತ್ತದೆ ಎಂದೂ ಅವರು ಹೇಳಿದ್ದಾರೆ.

ಉಪಕಾರಿಯ ಮೇಲೂ ಕಣ್ಣಿರಬೇಕು

ರೋಗ ವಾಸಿಮಾಡುವ ವಸ್ತುವೇ ಕೇಡನ್ನೂ ಮಾಡೀತು ಎಂಬ ವಿಚಾರ ನಮ್ಮ ಈ ಊರಿಗೆ ಹೊಸದಲ್ಲ. ಅಬಿಡ್ಸಿಗೆ ಹತ್ತಿರದ ಅಫಜಲಗಂಜಿನ ಆಸ್ಪತ್ರೆಯಲ್ಲಿ 1888 ಮತ್ತು 1889ರಲ್ಲಿ ಡಾಕ್ಟರ್ ಎಡ್ವರ್ಡ್ ಲಾರಿಯವರ ಮುಂದಾಳುತನದಲ್ಲಿ ಎರಡು ಕ್ಲೋರೋಫಾರಂ ಆಯೋಗಗಳು ನಡೆದವು. ನೋವು ಮರೆಸುವ ಆ ಔಷಧದಿಂದ ಕೆಲವರು ಮೇಜಿನ ಮೇಲೆಯೇ ಸಾಯುತ್ತಿದ್ದುದೇಕೆ ಎಂಬುದೇ ಪ್ರಶ್ನೆ. ಅರಿವಳಿಕೆ ನೀಡುವುದರಲ್ಲಿ ಹೆಸರಾದ ಇದೇ ಊರಿನ ರೂಪಾಬಾಯಿ ಫರ್ದೂಂಜಿಯವರೂ ಆ ಕಾರ್ಯದಲ್ಲಿ ಪಾಲ್ಗೊಂಡಿದ್ದರು. ಕ್ಲೋರೋಫಾರಂ ಹೃದಯವನ್ನು ಮೊದಲು ನಿಲ್ಲಿಸದು ಎಂಬ ಅವರ ತೀರ್ಮಾನ ಪೂರ್ತಿ ಸರಿಯಲ್ಲವೆಂದು ಮುಂದೆ ತಿಳಿಯಿತು. ಆದರೆ ಔಷಧ ಕೊಟ್ಟು ಮುಖ ತಿರುಗಿಸಬಾರದು, ರೋಗಿಯ ಉಸಿರನ್ನು ಬಿಡದೆ ನೋಡುತ್ತಿರಬೇಕು ಎಂಬ ಲಾರಿಯವರ ಪಾಠ ಇಂದಿಗೂ ಹಳತಾಗಿಲ್ಲ.

ಐ.ಸಿ.ಯು. ಎಂಬುದು ಹುಟ್ಟಿದ್ದೂ ಮನುಷ್ಯರ ಕೈಗಳಿಂದಲೇ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಾವಳಿ ಎದ್ದಾಗ, ಡಾಕ್ಟರ್ ಬಿಯೋರ್ನ್ ಇಬ್ಸೆನ್ನರು ರೋಗಿಗಳ ಗಂಟಲಿಗೆ ನಳಿಗೆಯಿಟ್ಟು, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರಾಡಿಸುವ ಕ್ರಮವನ್ನು ತಂದರು. ಸುಮಾರು 1500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲೂ ರಾತ್ರಿಯೂ ಕುಳಿತು ಚೀಲ ಒತ್ತಿದರು. ಈಗ ಆ ಕೆಲಸವನ್ನು ಯಂತ್ರ ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಆದರೆ ಚೀಲ ಒತ್ತುತ್ತಿದ್ದ ಹುಡುಗನ ಕಣ್ಣು ರೋಗಿಯ ಮುಖದ ಮೇಲಿರುತ್ತಿತ್ತು. ಯಂತ್ರಕ್ಕೆ ಆ ಕಣ್ಣಿಲ್ಲ.

ದಾದಿಯರನ್ನು ದೂರಿ ಪ್ರಯೋಜನವಿಲ್ಲ. ಒಬ್ಬಳೇ ದಾದಿ ಹಲವು ರೋಗಿಗಳನ್ನು ನೋಡಬೇಕಾದ ಕಡೆ ಯಾವುದಕ್ಕೆಂದು ಓಡಿಯಾಳು? 2020ರಲ್ಲಿ ಕೊರೊನಾ ಬಂದಾಗ, ದಿನವಿಡೀ ಬಿಗಿ ಮಾಸ್ಕ್ ಧರಿಸಿದ ದಾದಿಯರ ಮೂಗು ಕೆನ್ನೆಗಳೇ ಗಾಯವಾದ ಚಿತ್ರಗಳನ್ನು ನಾವೆಲ್ಲ ಕಂಡೆವು. ಗಟ್ಟಿಮುಟ್ಟಾದ ತರುಣಿಯ ಚರ್ಮದ ಗತಿಯೇ ಹಾಗಾದರೆ, ಎಪ್ಪತ್ತರ ಮುದುಕಿಯ ಚರ್ಮದ ಪಾಡೇನು?

ಎಲ್ಲೆಲ್ಲಿ ನೋಡಬೇಕು?

ಉಸಿರಿನ ಮಾಸ್ಕ್ ಇದ್ದರೆ ಮೂಗಿನ ದಿಂಡು, ಕೆನ್ನೆ, ಪಟ್ಟಿ ಹಾಯುವ ದಾರಿ. ಆಕ್ಸಿಜನ್ ನಳಿಗೆಗೆ ಕಿವಿಯ ಹಿಂಭಾಗ. ಬಾಯಿಯ ಮೂಲಕ ನಳಿಗೆ ಹೋಗಿದ್ದರೆ ತುಟಿ, ಬಾಯಿಯ ಮೂಲೆ, ನಾಲಗೆ. ಊಟದ ನಳಿಗೆಗೆ ಮೂಗಿನ ಹೊಳ್ಳೆ. ಕುತ್ತಿಗೆಗೆ ಕಾಲರ್ ಹಾಕಿದ್ದರೆ ಗದ್ದ ಮತ್ತು ತಲೆಯ ಹಿಂಭಾಗ. ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು, ಬಿ.ಪಿ. ಪಟ್ಟಿ, ಮೂತ್ರದ ನಳಿಗೆ ತೊಡೆಯ ಅಡಿ ಸಿಕ್ಕಿಕೊಂಡದ್ದು, ಇವನ್ನೂ ಮರೆಯಬಾರದು.

ಪುಸ್ತಕಗಳಲ್ಲಿ 'ಕೆಂಪಾದರೆ ಎಚ್ಚರ' ಎಂದು ಬರೆದಿರುತ್ತದೆ. ನಮ್ಮ ಕಪ್ಪು, ಗೋದಿ ಮೈಬಣ್ಣದಲ್ಲಿ ಆ ಕೆಂಪು ಎಷ್ಟೋ ಸಲ ಕಾಣುವುದೇ ಇಲ್ಲ. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ ಅಥವಾ ನೇರಳೆಯಾಗಿ ಕಂಡರೆ, ಮುಟ್ಟಿದರೆ ಹೆಚ್ಚು ಬಿಸಿ ಅಥವಾ ತಣ್ಣಗೆ, ಗಡುಸು ಅಥವಾ ಮೆತ್ತಗೆ ಎನ್ನಿಸಿದರೆ, ನೋವಿದ್ದರೆ ಅದೇ ಸೂಚನೆ. ದೊಡ್ಡವ್ವನ ಮೂಗಿನ ಮೇಲೆ ನಾನು ಕಂಡದ್ದೂ ಇದೇ.

ಇನ್ನೊಂದು ಮಾತು ನಮ್ಮ ಹೆಣ್ಣುಮಕ್ಕಳ ವಿಷಯ. ಮಾಸ್ಕಿನ ಅಡಿಯ ಮೂಗುತಿ, ಬಾತ ಬೆರಳಿನ ಉಂಗುರ, ಕಾಲುಂಗುರ, ಬಿಗಿಯಾದ ಬಳೆ ಕೂಡ ಹೀಗೆಯೇ ಒತ್ತುತ್ತವೆ. ಮುತ್ತೈದೆಯ ಚಿಹ್ನೆಯನ್ನು ತೆಗೆಯುವುದು ಹೇಗೆಂದು ಮನೆಯವರು ಹಿಂಜರಿಯುತ್ತಾರೆ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೇ ಇವನ್ನು ತೆಗೆದು ಭದ್ರವಾಗಿಡುವುದು ಲೇಸು. ಬಾವು ಬಂದ ಮೇಲೆ ಕತ್ತರಿಸಿಯೇ ತೆಗೆಯಬೇಕಾದೀತು.

ಹತ್ತು ನಿಮಿಷದಲ್ಲಿ ಏನು ಸಾಧ್ಯ?

ಒಂದು ನಿಯಮವನ್ನು ಮೊದಲು ಹೇಳಿಬಿಡುತ್ತೇನೆ: ಯಾವ ಪಟ್ಟಿಯನ್ನೂ ನಳಿಗೆಯನ್ನೂ ನಾವಾಗಿ ಮುಟ್ಟಬಾರದು. ಬಾಯಿಯ ನಳಿಗೆ ಒಂದಂಗುಲ ಜಾರಿದರೂ ಪ್ರಾಣಕ್ಕೇ ಕುತ್ತು. ನೋಡುವುದು, ಕೇಳುವುದು, ಇವೆರಡೇ ನಮ್ಮ ಕೆಲಸ.

ಕೇಳುವುದನ್ನು ವಿನಯದಿಂದ ಕೇಳಬೇಕು. "ಸಿಸ್ಟರ್, ಮಾಸ್ಕಿನ ಕೆಳಗೆ ಚರ್ಮ ಹೇಗಿದೆ, ಇವತ್ತು ನೋಡಿದಿರಾ?" ಎಂದರೆ ಸಾಕು. ಉಪಕರಣದ ಅಡಿಯ ಚರ್ಮವನ್ನು ದಿನಕ್ಕೆ ಎರಡು ಸಲವಾದರೂ, ಮೈ ಬಾತಿದ್ದರೆ ಇನ್ನೂ ಹೆಚ್ಚು ಸಲ ನೋಡಬೇಕೆಂಬುದು ತಜ್ಞರ ಮಾತು. ಮಾಸ್ಕಿನ ಅಳತೆ ಸರಿಯಿದೆಯೇ? ಮೂಗಿನ ಮೇಲೆ ತೆಳುವಾದ ಮೆತ್ತೆಯ ಪಟ್ಟಿ ಹಚ್ಚಬಹುದೇ? ಬೇರೆ ಆಕಾರದ ಮಾಸ್ಕನ್ನು ನಡುನಡುವೆ ಬದಲಿಸಬಹುದೇ? ಬಾಯಿಯ ನಳಿಗೆಯನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಸುತ್ತಿದ್ದಾರೆಯೇ? ಎಂದಿಗೆ ತೆಗೆಯಬಹುದು? ಇವೆಲ್ಲ ಕೇಳತಕ್ಕ ಪ್ರಶ್ನೆಗಳು. ಬಿಗಿದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಇಂಥ ಮಾಸ್ಕಿನಲ್ಲಿ ಸ್ವಲ್ಪ ಗಾಳಿ ಸೋರಿದರೂ ಯಂತ್ರ ಸರಿದೂಗಿಸಿಕೊಳ್ಳುತ್ತದೆ. ಮೆತ್ತೆಯೂ ಹಾಗೆಯೇ, ಒಂದರ ಮೇಲೊಂದು ಪೇರಿಸಿದರೆ ಒತ್ತಡ ಹೆಚ್ಚುತ್ತದೆ.

ಭಾಷೆಯದು ನಮ್ಮ ವಿಶೇಷ ತೊಡಕು. ಅದಕ್ಕೊಂದು ಸುಲಭ ಉಪಾಯವಿದೆ. ಒಂದು ರಟ್ಟಿನ ಮೇಲೆ 'ನೋವು', 'ಒತ್ತಲಿಕತ್ತದ', 'ಸಡ್ಲ ಮಾಡ್ರಿ', 'ನೀರು' ಎಂಬ ಮಾತುಗಳನ್ನು ತೆಲುಗು ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ತೆಲುಗಿನ ಅರ್ಥವನ್ನೂ ಸಣ್ಣ ಚಿತ್ರವನ್ನೂ ಹಾಕಿ ದಾದಿಯ ಕೈಗೆ ಕೊಡಿ. ಮಾತಾಡಲಾರದ ರೋಗಿ ಬೆರಳಿಟ್ಟು ತೋರಿಸಬಲ್ಲ. ನಮ್ಮ ಸಂಘದ ತರುಣರು ಇಂಥ ನಾಲ್ಕಾರು ರಟ್ಟುಗಳನ್ನು ಸಿದ್ಧಮಾಡಿ ಇಟ್ಟುಕೊಂಡರೆ, ಬೀದರದಿಂದಲೋ ರಾಯಚೂರಿನಿಂದಲೋ ಬಂದಿಳಿಯುವವರಿಗೆ ಎಷ್ಟು ನೆರವಾದೀತು!

ಮನೆಯಲ್ಲಿಯೂ ಆಕ್ಸಿಜನ್, ಮೂತ್ರದ ನಳಿಗೆ, ಪ್ಲಾಸ್ಟರು ಇದ್ದವರಿಗೆ ಇದೇ ಎಚ್ಚರ ಬೇಕು. ಬಣ್ಣ ಬದಲಾದ ಕಡೆ ತಿಕ್ಕಿ ನೀವಬಾರದು. ಒಳಗಿನ ಪೆಟ್ಟು ಹೆಚ್ಚುತ್ತದೆ. ಅರಿಸಿನ, ಪೌಡರು ಮೆತ್ತಿ ಮುಚ್ಚಬಾರದು. ಆಕ್ಸಿಜನ್ ಹರಿಯುವ ಕಡೆ ಎಣ್ಣೆ ಜಿಡ್ಡು ಹಚ್ಚಿದರೆ ಬೆಂಕಿಯ ಭಯವೂ ಉಂಟು. ಪ್ಲಾಸ್ಟರಿನ ಒಳಗೆ ನೋವು ಏರುತ್ತಲೇ ಇದ್ದರೆ, 'ಮೊದಲು ಹಾಗೇ ಇರುತ್ತದೆ' ಎಂದು ಕೂರದೆ ಆ ದಿನವೇ ವೈದ್ಯರಿಗೆ ತೋರಿಸಬೇಕು.

ದೊಡ್ಡವ್ವ ಈಗ ಊರಲ್ಲಿದ್ದಾಳೆ. ಗ್ಯಾಸಿನ ಒಲೆ ಬಂದಿದೆ, ಕನ್ನಡಕವೂ ಮತ್ತೆ ಮೂಗಿನ ಮೇಲೇರಿದೆ. ಅದರ ಕೆಳಗೆ ಒಂದು ಬಿಳಿಯ ಕಲೆ ಉಳಿದಿದೆ. ಯಾರಾದರೂ ಕೇಳಿದರೆ "ಹೈದರಾಬಾದಿನ್ದು" ಎನ್ನುತ್ತಾಳೆ, ಜವಳಿ ಕೊಂಡು ತಂದವರ ಹಾಗೆ. ನಾನು ಮಾತ್ರ ಆ ಕಲೆಯನ್ನು ನೋಡಿದಾಗಲೆಲ್ಲ, ಕೆಳಗಿಟ್ಟ ಆ ಕೈಯನ್ನು ನೆನೆಯುತ್ತೇನೆ. ಇನ್ನು ಮುಂದೆ ನಮ್ಮವರಾರಾದರೂ ಐ.ಸಿ.ಯು.ವಿನಲ್ಲಿ ಹಾಗೆ ಕೈಯೆತ್ತಿದರೆ, ಕೆಳಗಿಡುವ ಮುನ್ನ ಕೈ ಎಲ್ಲಿಗೆ ಹೋಗುತ್ತಿದೆ ಎಂದು ನೋಡಿ, ದಾದಿಯನ್ನು ಕರೆಯೋಣ.